ದೇಹದೊಳಗಿನ ದಾರ, ಜಾಲರಿ ಮತ್ತು ನಮ್ಮ ಸಂಶಯಗಳು

(ಚೊಳಚಗುಡ್ಡದಲ್ಲಿ ನೀಡಿದ ಜುಮಾ ಪ್ರವಚನದ ಸಾರ)



ಸಹೋದರರೇ, ಬನದ ಹುಣ್ಣಿಮೆ ಹತ್ತಿರ ಬಂತು. ಬನಶಂಕರಿ ಜಾತ್ರೆ ಎಂದರೆ ನಮ್ಮೂರಿನಲ್ಲಿ ಕೈಕಾಲು ಗಟ್ಟಿ ಇದ್ದವರಿಗೆಲ್ಲ ಕೆಲಸ. ನಾಟಕ ಕಂಪನಿಗಳ ಲಾರಿಯಿಂದ ಕಂಬ, ತಗಡು, ಪರದೆ ಇಳಿಸಬೇಕು. ಮಾರಾಟಕ್ಕೆ ಬರುವ ಬಾಗಿಲು, ಚೌಕಟ್ಟುಗಳನ್ನು ಹೊರಬೇಕು. ಅಂಗಡಿ ಸಾಲಿಗೆ ಚೀಲಗಟ್ಟಲೆ ಸಾಮಾನು ಸಾಗಿಸಬೇಕು. ನಮ್ಮ ಜಮಾಅತಿನ ಎಷ್ಟೋ ಮನೆಗಳ ಸಾಲ ತೀರುವುದು ಈ ಒಂದು ತಿಂಗಳ ಹಮಾಲಿಯಲ್ಲೇ. ಹೀಗೆ ಭಾರ ಹೊರುವವರಲ್ಲಿ ಕೆಲವರ ತೊಡೆಸಂದಿಯಲ್ಲಿ ಲಿಂಬೆಹಣ್ಣಿನಷ್ಟು ಒಂದು ಗಂಟು ಇದೆ. ಕೆಮ್ಮಿದರೆ ಹೊರಗೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹೆಂಡತಿಗೂ ಹೇಳದೆ ಲುಂಗಿ ಬಿಗಿದು ಕಟ್ಟಿ ಕೆಲಸಕ್ಕೆ ಹೋಗುತ್ತಾರೆ. ಅದರ ಹೆಸರು ಹರ್ನಿಯಾ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲಾಗಿ, ಅಲ್ಲಿಂದ ಕರುಳು ಹೊರಗೆ ಚಾಚಿಕೊಳ್ಳುವುದು.

ಮಿಂಬರ್ ಮೇಲಿಂದ ಇದೇನು ಮಾತು ಎನ್ನಬೇಡಿ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆಝ್(ರ)ರ ತೋಳಿಗೆ ಬಾಣ ನಾಟಿದಾಗ, ಹತ್ತಿರದಿಂದಲೇ ವಿಚಾರಿಸಿಕೊಳ್ಳಲೆಂದು ಪ್ರವಾದಿವರ್ಯರು(ಸ) ಅವರಿಗೆ ಮಸೀದಿಯೊಳಗೇ ಡೇರೆ ಹಾಕಿಸಿದರು. ರುಫೈದಾ(ರ) ಎಂಬ ಮಹಿಳೆ ಗಾಯಾಳುಗಳ ಆರೈಕೆ ಮಾಡುತ್ತಿದ್ದರು. ಗಾಯದ ಮಾತು ಮಸೀದಿಗೆ ಹೊಸದಲ್ಲ.

ನಮ್ಮವರೇ ಆದ ಒಬ್ಬ ಹಿರಿಯ ಹಮಾಲರು ನಾಲ್ಕು ವರ್ಷ ಈ ಗಂಟನ್ನು ಹೊತ್ತು ತಿರುಗಿದರು. ಆಪರೇಷನ್ ಮಾಡಿಸಿಕೊಳ್ಳಿ, ಒಳಗೆ ಒಂದು ಜಾಲರಿ ಇಟ್ಟು ಹೊಲಿಯುತ್ತೇವೆ ಎಂದು ವೈದ್ಯರು ಹೇಳಿದ್ದರು. ಆದರೆ ಚಹಾದಂಗಡಿಯಲ್ಲಿ ಯಾರೋ, ಆ ಜಾಲರಿ ಹಂದಿಯ ಚರ್ಮದ್ದು, ಅದನ್ನಿಟ್ಟುಕೊಂಡರೆ ನಮಾಝ್ ಆಗುವುದಿಲ್ಲ ಎಂದರು. ಹೇಳಿದವರಿಗೆ ಗೊತ್ತಿರಲಿಲ್ಲ, ಕೇಳಿಸಿಕೊಂಡವರು ವಿಚಾರಿಸಲಿಲ್ಲ. ಒಂದು ರಾತ್ರಿ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿಯಾಯಿತು, ವಾಂತಿ ಶುರುವಾಯಿತು. ಸಿಕ್ಕಿಬಿದ್ದ ಕರುಳಿಗೆ ರಕ್ತ ಹೋಗುವುದು ನಿಂತರೆ ಅದು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಬೆಳಗಿನ ಜಾವ ಬಾಗಲಕೋಟೆಗೆ ಒಯ್ದು, ಕರುಳಿನ ಒಂದು ತುಂಡನ್ನೇ ಕತ್ತರಿಸಿ ತೆಗೆಯಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಮರುದಿನವೇ ಮನೆಗೆ ಬರಬಹುದಾಗಿದ್ದ ಆಪರೇಷನ್ನಿಗೆ ಬದಲಾಗಿ ವಾರಗಟ್ಟಲೆ ದವಾಖಾನೆ, ತಿಂಗಳುಗಟ್ಟಲೆ ಮನೆಯಲ್ಲಿ ದುಡಿಮೆಯಿಲ್ಲ.

ಹಾಗಾದರೆ ಆ ಜಾಲರಿ ಏನು? ಸಾಮಾನ್ಯ ಹರ್ನಿಯಾಕ್ಕೆ ಇಡುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನೂಲಿನಿಂದ ಹೆಣೆದದ್ದು. ನಾವು ದಿನಾ ಹೊರುವ ಗೊಬ್ಬರದ ಚೀಲ ನೇಯುವುದೂ ಇದೇ ಜಾತಿಯ ಪ್ಲಾಸ್ಟಿಕ್ಕಿನಿಂದ. ದವಾಖಾನೆಯದು ಅತಿ ಶುದ್ಧ, ಅತಿ ತೆಳು, ಅಷ್ಟೇ. ಮೊದಲೆಲ್ಲ ಸಡಿಲಾದ ಕಡೆ ಎರಡೂ ಬದಿಯ ಮಾಂಸವನ್ನು ಎಳೆದು ತಂದು ಬಿಗಿದು ಹೊಲಿಯುತ್ತಿದ್ದರು. ಎಳೆದು ಹೊಲಿದದ್ದು ಎಳೆತಕ್ಕೆ ಮತ್ತೆ ಬಿಡುತ್ತಿತ್ತು. ಹಳೆಯ ಅಂಗಿಯ ಹರುಕನ್ನು ತೇಪೆ ಹಾಕದೆ ಜಗ್ಗಿ ಹೊಲಿದರೆ ಪಕ್ಕದಲ್ಲೇ ಹರಿಯುವುದಿಲ್ಲವೇ? 1950ರ ದಶಕದ ಕೊನೆಗೆ ಅಮೆರಿಕದ ಫ್ರಾನ್ಸಿಸ್ ಅಷರ್ ಎಂಬ ಸರ್ಜನ್ ಪ್ಲಾಸ್ಟಿಕ್ ಜಾಲರಿಯ ತೇಪೆ ಹಾಕತೊಡಗಿದರು. 1980ರ ದಶಕದಲ್ಲಿ ಲಿಕ್ಟನ್‌ಸ್ಟೈನ್ ಎಂಬವರು, ಎಳೆಯುವುದೇ ಬೇಡ, ಜಾಲರಿಯನ್ನು ಸುಮ್ಮನೆ ಹಾಸಿ ಹೊಲಿದರೆ ಸಾಕೆಂದು ತೋರಿಸಿದ ಮೇಲೆ ಅದು ಲೋಕದ ರೂಢಿಯಾಯಿತು. ಜಾಲರಿಯ ಕಣ್ಣುಗಳೊಳಗೆ ನಮ್ಮದೇ ಮಾಂಸ ಕೆಲವು ವಾರಗಳಲ್ಲಿ ಬೆಳೆದು, ಚಪ್ಪರಕ್ಕೆ ಎಲೆಬಳ್ಳಿ ಹಬ್ಬಿದ ಹಾಗೆ ಹಬ್ಬಿಕೊಳ್ಳುತ್ತದೆ. ಕೆಲವರಲ್ಲಿ ಕೀವು ಆಗುವುದುಂಟು, ಕೆಲವರಿಗೆ ನೋವು ಬಹುಕಾಲ ಉಳಿಯುವುದುಂಟು. ಅದನ್ನೂ ವೈದ್ಯರ ಬಳಿ ಮೊದಲೇ ಕೇಳಿಕೊಳ್ಳಿ.

ಇನ್ನು ಕರಗುವ ಹೊಲಿಗೆ. ನಮ್ಮಲ್ಲಿ ಗೌಂಡಿ ಕೆಲಸದವರು ಬಹಳ ಇದ್ದೀರಿ, ನಿಮಗೆ ಇದು ಬೇಗ ತಿಳಿಯುತ್ತದೆ. ಸ್ಲ್ಯಾಬ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತೀರಿ. ಕಾಂಕ್ರೀಟ್ ತನ್ನ ಭಾರ ತಾನು ಹೊರುವಷ್ಟು ಗಟ್ಟಿಯಾದ ಮೇಲೆ ಅದನ್ನು ಬಿಚ್ಚುತ್ತೀರಿ. ಕರಗುವ ದಾರವೆಂದರೆ ತಾನೇ ಬಿಚ್ಚಿಕೊಂಡು ಹೋಗುವ ಸೆಂಟ್ರಿಂಗ್. ಜಾಲರಿಯೋ, ಸ್ಲ್ಯಾಬಿನೊಳಗೇ ಉಳಿಯುವ ಕಬ್ಬಿಣದ ಸರಳು. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂಬುದು ಗೌಂಡಿಗೆ ಗೊತ್ತಿರುವಂತೆ ಸರ್ಜನ್‌ಗೂ ಗೊತ್ತು. ಈಗ ಹೆಚ್ಚು ಬಳಕೆಯಲ್ಲಿರುವ ಪಾಲಿಗ್ಲಾಕ್ಟಿನ್ ಎಂಬ ದಾರ 1970ರ ದಶಕದಲ್ಲಿ ಬಂದದ್ದು, ಪೂರ್ತಿ ಕೃತಕ. ಮೂರು ವಾರಕ್ಕೆ ಅದರ ಬಲ ಅರ್ಧಕ್ಕಿಳಿಯುತ್ತದೆ, ಅಷ್ಟರಲ್ಲಿ ಗಾಯ ಕೂಡಿಕೊಂಡಿರುತ್ತದೆ. ಸುಮಾರು 56ರಿಂದ 70 ದಿನಗಳಲ್ಲಿ ದೇಹದ ನೀರಿನಂಶಕ್ಕೇ ಒಡೆದು ಕರಗಿ ಹೋಗುತ್ತದೆ. ನಿಧಾನವಾಗಿ ಮಾಯುವ ಜಾಗಕ್ಕೆ ಆರು ತಿಂಗಳು ಉಳಿಯುವ ಬೇರೆ ದಾರವಿದೆ. ಇವೆಲ್ಲ ಪರದೇಶದಿಂದಲೇ ಬರುತ್ತವೆ ಎಂದುಕೊಳ್ಳಬೇಡಿ. ಸೂಚರ್ಸ್ ಇಂಡಿಯಾ ಎಂದು ಹೆಸರಾಗಿದ್ದ, ಈಗ ಹೆಲ್ತಿಯಂ ಎನ್ನುವ ಕಂಪನಿ ನಮ್ಮ ಬೆಂಗಳೂರಿನದೇ.

ಹಳೆಯ ಕರಗುವ ದಾರ ಕ್ಯಾಟ್‌ಗಟ್. ನಮ್ಮ ದೇಶದಲ್ಲಿ ಈಗಲೂ ಬಳಕೆಯಲ್ಲಿದೆ. ಇಂಗ್ಲಿಷ್ ಹೆಸರಿನಲ್ಲಿ ಬೆಕ್ಕು ಇದೆ, ದಾರದಲ್ಲಿ ಬೆಕ್ಕು ಇಲ್ಲ. ಕುರಿಯ ಅಥವಾ ದನದ ಕರುಳಿನ ಪದರದಿಂದ ಅದನ್ನು ಮಾಡುತ್ತಾರೆ. ಇದರ ಕಥೆ ನಮ್ಮ ಮಕ್ಕಳಿಗೆ ಹೇಳಬೇಕಾದದ್ದು. ಸ್ಪೇನಿನ ಕುರ್ತುಬಾ ಬಳಿಯ ಝಹ್ರಾದಲ್ಲಿ ಹತ್ತನೆಯ ಶತಮಾನದಲ್ಲಿದ್ದ ಅಬುಲ್ ಖಾಸಿಮ್ ಅಝ್ಝಹ್ರಾವಿ ತಮ್ಮ 30 ಭಾಗಗಳ ಅತ್ತಸ್ರೀಫ್ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟರು. ಗಾಯಗೊಂಡ ಕರುಳನ್ನು ಪ್ರಾಣಿಯ ಕರುಳಿನಿಂದಲೇ ತೆಗೆದ ಸಣ್ಣ ಎಳೆಯಿಂದ ಹೊಲಿಯುವ ಬಗೆಯನ್ನು ಅದರಲ್ಲಿ ಬರೆದಿದ್ದಾರೆ. ದೊಡ್ಡ ಇರುವೆಗಳಿಂದ ಗಾಯದ ಅಂಚು ಕಚ್ಚಿಸಿ, ಮೈ ಕತ್ತರಿಸಿ ತಲೆಯನ್ನು ಮಾತ್ರ ಅಲ್ಲೇ ಬಿಡುವ ಉಪಾಯವೂ ಅಲ್ಲಿದೆ. ಈ ಇರುವೆಯ ಉಪಾಯ ಅವರಿಗಿಂತ ಎಷ್ಟೋ ಹಿಂದೆ ನಮ್ಮ ದೇಶದ ಸುಶ್ರುತನ ಗ್ರಂಥದಲ್ಲಿತ್ತು. ಅಬ್ಬಾಸೀ ಖಲೀಫರ ಕಾಲದ ಬಗ್ದಾದಿನಲ್ಲಿ ಬರ್ಮಕೀ ಮಂತ್ರಿಯೊಬ್ಬರು ಆ ಗ್ರಂಥವನ್ನು ಅರಬಿಗೆ ಮಾಡಿಸಿದ್ದರು. ವಿದ್ಯೆ ಯಾರ ಬಳಿ ಇತ್ತೋ ಅವರಿಂದ ಕೇಳಿ ಪಡೆಯಲು ನಮ್ಮ ಹಿರಿಯರಿಗೆ ಸಂಕೋಚವಿರಲಿಲ್ಲ.

ಶರೀಅತ್ ಏನು ಹೇಳುತ್ತದೆ? ಅರ್ಫಜಾ ಬಿನ್ ಅಸ್ಅದ್(ರ) ಎಂಬ ಸಹಾಬಿಯ ಮೂಗು ಇಸ್ಲಾಮ್‌ಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ತುಂಡಾಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿ ಇಟ್ಟುಕೊಂಡರು. ಅದು ನಾತ ಹೊಡೆಯತೊಡಗಿತು. ಆಗ ಪ್ರವಾದಿವರ್ಯರು(ಸ) ಬಂಗಾರದ ಮೂಗು ಮಾಡಿಸಿಕೊಳ್ಳಲು ಅವರಿಗೆ ಸೂಚಿಸಿದರು. ಅಬೂದಾವೂದ್, ತಿರ್ಮಿದಿ, ನಸಾಈಗಳಲ್ಲಿ ಈ ವರದಿಯಿದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗಂಡಸಿಗೆ ಬಂಗಾರ ಹರಾಮ್. ಮೂಗಿಲ್ಲದಿದ್ದರೆ ಅರ್ಫಜಾ(ರ) ಸಾಯುತ್ತಿರಲಿಲ್ಲ. ನಾತದ ಕಷ್ಟ, ನಾಲ್ಕು ಜನರ ನಡುವೆ ಮುಖವೆತ್ತಿ ಕೂರುವ ಕಷ್ಟ, ಇಷ್ಟೇ. ಅಷ್ಟಕ್ಕೇ ಈ ರಿಯಾಯಿತಿ ಸಿಕ್ಕಿತು. ಹಾಗಿರುವಾಗ ಪ್ಲಾಸ್ಟಿಕ್ಕಿನಂಥ ಸ್ವತಃ ಪಾಕವಾದ ವಸ್ತುವನ್ನು ಮೈಯೊಳಗೆ ಇಡಿಸಿಕೊಳ್ಳುವುದಕ್ಕೆ ತಕರಾರು ಎಲ್ಲಿಂದ ಬಂತು?

ಹಂದಿಯಿಂದ ಮಾಡಿದ್ದು ಏನೂ ಇಲ್ಲವೇ ಎಂದರೆ, ಇದೆ. ಹಂದಿಯ ಚರ್ಮದಿಂದ ತಯಾರಿಸಿದ ದುಬಾರಿ ಜಾಲರಿಗಳಿವೆ, ಕೀವು ತುಂಬಿದ ಕಠಿಣ ಗಾಯಗಳಲ್ಲಿ ಅಪರೂಪಕ್ಕೆ ಬಳಸುತ್ತಾರೆ. ಹೃದಯದ ಕೆಲವು ಕವಾಟಗಳು ಹಂದಿಯವು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಹೆಚ್ಚಾಗಿ ಹಂದಿಯ ಕರುಳಿನಿಂದ ಬರುತ್ತದೆ. ಚಹಾದಂಗಡಿಯ ಮಾತಿಗೆ ಬೇರು ಇಲ್ಲದಿಲ್ಲ, ಅದನ್ನು ತಂದು ತಪ್ಪು ಗಿಡಕ್ಕೆ ಅಂಟಿಸಿದ್ದರು. ಇಂಥ ವಸ್ತುಗಳ ಬಗ್ಗೆ ಉಲಮಾಗಳ ಮಾತು ಸ್ಪಷ್ಟ. ಅಷ್ಟೇ ಗುಣ ಕೊಡುವ ಬೇರೆ ವಸ್ತು ಸಿಗುವಾಗ ಅದನ್ನೇ ಕೇಳಬೇಕು. ಬೇರೆ ದಾರಿಯೇ ಇಲ್ಲದೆ ಜೀವಕ್ಕೆ ಅಪಾಯವಿದ್ದರೆ, ನಿರ್ಬಂಧಿತನಾದವನ ಮೇಲೆ ಪಾಪವಿಲ್ಲವೆಂದು ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ತಿಳಿಸಿದೆ. ವಸ್ತು ಪೂರ್ತಿ ಬೇರೆಯೇ ಆಗಿ ಮಾರ್ಪಟ್ಟರೆ ಅದರ ವಿಧಿಯೂ ಬದಲಾಗುತ್ತದೆ ಎಂದು 1995ರಲ್ಲಿ ಕುವೈತ್‌ನಲ್ಲಿ ಸೇರಿದ ವೈದ್ಯರು ಮತ್ತು ಫಿಕ್ಹ್ ವಿದ್ವಾಂಸರ ಸಭೆ ಅಭಿಪ್ರಾಯಪಟ್ಟಿತು. ಎಲ್ಲ ಉಲಮಾಗಳೂ ಅದನ್ನು ಒಪ್ಪಿಲ್ಲ. ಆ ಚರ್ಚೆ ಬೇರೆ, ನಮ್ಮ ಹಮಾಲರ ಜಾಲರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಕವಾಟದ ವಿಷಯದಲ್ಲಂತೂ ಲೋಹ, ಪ್ಲಾಸ್ಟಿಕ್ಕಿನ ಕವಾಟಗಳಿವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮ ದೇಶದಲ್ಲೇ ಸಿದ್ಧಪಡಿಸಿದ ಕವಾಟವನ್ನು 1990ರಲ್ಲೇ ಮೊದಲ ರೋಗಿಗೆ ಅಳವಡಿಸಿದರು. ಯಾರಿಗೆ ಯಾವುದು ಸರಿ ಎಂಬುದು ವಯಸ್ಸು, ಕಾಯಿಲೆ ನೋಡಿ ವೈದ್ಯರು ಹೇಳಬೇಕು.

ಇನ್ನೊಂದು ಮಾತು, ಮುಂದಿನ ಸಾಲಿನ ಹಿರಿಯರು ನಗಬಾರದು. ನಿಮ್ಮಲ್ಲಿ ಎಷ್ಟು ಮಂದಿಯ ಕಣ್ಣಿನಲ್ಲಿ ಲೆನ್ಸ್ ಇದೆ? ಪೊರೆ ತೆಗೆದು ಒಳಗೆ ಇಟ್ಟದ್ದು ಪ್ಲಾಸ್ಟಿಕ್ಕೇ. ಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣಿನಲ್ಲಿ ಪ್ಲಾಸ್ಟಿಕ್ ಚೂರು ಕುಳಿತರೂ ಕಣ್ಣು ಕೆರಳದೆ ಇದ್ದುದನ್ನು ಗಮನಿಸಿ, ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಲೆನ್ಸ್ ಇಟ್ಟರು. ನಮ್ಮ ಜಿಲ್ಲೆಯ ಬೀಳಗಿಯವರೇ ಆದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಬಡವರ ಪೊರೆ ತೆಗೆದ ಕಾಲದಲ್ಲಿ, ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಇಂದು ಅದೇ ಪ್ಲಾಸ್ಟಿಕ್ ಲೆನ್ಸಿನ ಮೂಲಕ ನೀವು ಮುಸ್‌ಹಫ್ ಓದುತ್ತೀರಿ. ಕಣ್ಣಿಗೆ ಒಪ್ಪಿದ್ದು ಹೊಟ್ಟೆಗೆ ಯಾಕೆ ಒಪ್ಪುವುದಿಲ್ಲ?

ಹೆಣ್ಣುಮಕ್ಕಳ ವಿಷಯವನ್ನು ಗಂಡಸರಿಗೇ ಹೇಳುತ್ತೇವೆ, ಮನೆಗೆ ಮುಟ್ಟಿಸಿ. ಹೆರಿಗೆಯಲ್ಲಿ ಹಾಕಿದ ಹೊಲಿಗೆ ಸಾಮಾನ್ಯವಾಗಿ ಕರಗುವಂಥದ್ದು, ತೆಗೆಸಬೇಕಿಲ್ಲ. ಸಿಸೇರಿಯನ್ನಿನಲ್ಲಿ ಒಳಗಿನವು ಕರಗುತ್ತವೆ, ಹೊರಚರ್ಮದ್ದು ಕೆಲವೊಮ್ಮೆ ತೆಗೆಯುವಂಥದ್ದು. ದವಾಖಾನೆಯಿಂದ ಹೊರಡುವ ಮೊದಲೇ ಕೇಳಿ. ಎಷ್ಟೋ ಮನೆಗಳಲ್ಲಿ ಸೊಸೆ ಅತ್ತೆಯನ್ನು ಕೇಳಲು ನಾಚುತ್ತಾಳೆ, ಅತ್ತೆ ನರ್ಸನ್ನು ಕೇಳಲು ನಾಚುತ್ತಾರೆ, ದಾರದ ತುದಿ ಕೀವಾಗುವ ತನಕ ಮಾತು ಹೊರಬರುವುದಿಲ್ಲ. ಒಳಗೆ ದಾರವೋ ಜಾಲರಿಯೋ ಇದ್ದರೆ ವುಝೂ, ಗುಸ್ಲ್‌ಗೆ ಯಾವ ಅಡ್ಡಿಯೂ ಇಲ್ಲ. ಹೊರಗಾಯಕ್ಕೆ ನೀರು ತಾಗಿದರೆ ಕೇಡು ಎಂದು ವೈದ್ಯರು ಹೇಳಿದ್ದರೆ, ಉಳಿದ ಕಡೆ ತೊಳೆದು ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಬೇಕು. ನೀರು ಬಳಸುವುದೇ ಅಪಾಯವಾದರೆ ತಯಮ್ಮುಮ್ ಇದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಯಾಣದಲ್ಲಿ ಒಬ್ಬರಿಗೆ ಕಲ್ಲು ಬಡಿದು ತಲೆ ಒಡೆಯಿತು. ಆಮೇಲೆ ಅವರಿಗೆ ಗುಸ್ಲ್ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಯವರನ್ನು ಕೇಳಿದರು. ನೀರು ಇರುವಾಗ ಆಗದು ಎಂದರು ಅವರು. ಆ ಮನುಷ್ಯ ಸ್ನಾನ ಮಾಡಿ, ಅದರಿಂದಲೇ ತೀರಿಕೊಂಡರು. ಜಾಬಿರ್(ರ) ವರದಿ ಮಾಡಿದಂತೆ, ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ನೊಂದು, ಆತನ ಸಾವಿನ ಹೊಣೆಯನ್ನು ತಿಳಿಯದೆ ತೀರ್ಪು ಕೊಟ್ಟವರ ಮೇಲೇ ಹೊರಿಸಿದರು. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಬೇಕಿತ್ತು ಎಂದರು. ಜಾಲರಿ ಹರಾಮ್ ಎಂದು ಚಹಾ ಹೀರುತ್ತಾ ಫತ್ವಾ ಕೊಡುವವರಿಗೆ ಈ ಹದೀಸ್ ಮುಟ್ಟಲಿ.

ಆಪರೇಷನ್ನಿಗೆ ಮುಂಚೆ ವೈದ್ಯರನ್ನು ಕೇಳಿ. ದಾರ ಪ್ರಾಣಿಯದೋ ಕೃತಕದೋ, ಕರಗುವುದೋ ಇಲ್ಲವೋ, ಜಾಲರಿ ಯಾವುದರದ್ದು. ಕೇಳಿದರೆ ಯಾರೂ ಬೇಸರಿಸುವುದಿಲ್ಲ, ಪ್ಯಾಕೆಟ್ ಮೇಲೆ ಅಚ್ಚಾಗಿಯೇ ಇರುತ್ತದೆ. ಒಳಗಿಟ್ಟ ವಸ್ತುವಿನ ಚೀಟಿಯನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ, ಜೋಪಾನ ಮಾಡಿ. ಮೊದಲು ಬಾದಾಮಿಯ ತಾಲೂಕು ದವಾಖಾನೆಗೆ ತೋರಿಸಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಗಂಟು ಒಳಗೆ ಹೋಗದೆ ನೋವು, ವಾಂತಿ ಬಂದರೆ ಬೆಳಗಾಗುವುದನ್ನು ಕಾಯಬೇಡಿ.

ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ ಎನ್ನುವಿರಿ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಎನ್ನುತ್ತಾರೆ, ಅಷ್ಟು ದಿನ ಒಲೆ ಉರಿಯುವುದು ಹೇಗೆ ಎಂಬ ಚಿಂತೆ ನಮಗೂ ತಿಳಿಯುತ್ತದೆ. ಆದ್ದರಿಂದ ಅಂಗಡಿ ಹಾಕುವ ಸಹೋದರರಲ್ಲಿ ಒಂದು ಕೋರಿಕೆ. ಗಂಟು ಇರುವವನ ತಲೆಗೆ ಈ ಸಲ ಚೀಲ ಹೊರಿಸಬೇಡಿ, ಗಲ್ಲಾದ ಬಳಿ ಕೂರಿಸಿ, ಕೂಲಿ ಅಷ್ಟೇ ಕೊಡಿ. ಆಪರೇಷನ್ನಿಗೆ ಹೋಗುವವರ ಮನೆಗೆ ಆರು ವಾರದ ರೇಶನ್ ಜಮಾಅತಿನಿಂದ ಹೋಗಬೇಕು. ಝಕಾತಿಗೆ ಅರ್ಹರಾದ ಇಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಕಡೆಯದಾಗಿ, ಹೋದ ವಾರ ಒಬ್ಬ ಯುವಕ ಕೇಳಿದ ಪ್ರಶ್ನೆ. ಜಾಲರಿಯೋ ಮೂಳೆಯೊಳಗೆ ಸರಳೋ ಇರುವವರು ತೀರಿಕೊಂಡರೆ ದಫನಕ್ಕೆ ಮುಂಚೆ ಅದನ್ನು ತೆಗೆಸಬೇಕೇ? ಬೇಡ. ಮಯ್ಯಿತ್‌ನ ಎಲುಬು ಮುರಿಯುವುದು ಬದುಕಿರುವವರ ಎಲುಬು ಮುರಿದಂತೆ ಎಂಬ ಅರ್ಥದ ಹದೀಸ್ ಇದೆ. ಅದಕ್ಕಾಗಿ ಮೈ ಕೊಯ್ಯುವಂತಿಲ್ಲ. ಗುಸ್ಲ್ ಕೊಟ್ಟು, ಕಫನ್ ತೊಡಿಸಿ, ಇದ್ದ ಹಾಗೆಯೇ ಮಣ್ಣಿಗಿಡಬೇಕು.