ಘಟ್ಟ ಇಳಿಯಲು ಯಾವ ದಾರಿ?



ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ನೆಲೆಸಿರುವ ಕರಾವಳಿ ಮೂಲದ ಸಂಸಾರಗಳು ಅನೇಕ. ಊರಿನ ಕೋಲ, ಮದುವೆ, ಹಿರಿಯರ ಕಾಯಿಲೆ ಎಂದು ಇವರು ವರ್ಷದಲ್ಲಿ ಹಲವು ಬಾರಿ ಘಟ್ಟ ಇಳಿಯಬೇಕಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಏಳುವ ಪ್ರಶ್ನೆ ಒಂದೇ: ಯಾವ ದಾರಿಯಲ್ಲಿ ಹೋಗುವುದು? ಹೊರಾಂಗಣ ಚಿತ್ರೀಕರಣಕ್ಕೆ ತಂಡ ಕಟ್ಟಿಕೊಂಡು ಹೊರಡುವ ನನ್ನಂಥವರಿಗೂ ಇದು ಪರಿಚಿತವಾದ ಪ್ರಶ್ನೆಯೇ.

ವಿಜ್ಞಾನಕ್ಕೂ ಈ ಪ್ರಶ್ನೆ ಹೊಸದಲ್ಲ. 1956ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ ಆಮ್‌ಸ್ಟರ್‌ಡ್ಯಾಮ್ ನಗರದ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಕಾಗದ-ಪೆನ್ನು ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಇದಕ್ಕೊಂದು ಗಣಿತ ವಿಧಾನವನ್ನು ಕಂಡುಕೊಂಡರು. ರಾಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಯಾವುದು ಎಂಬುದು ಅವರ ಉದಾಹರಣೆಯಾಗಿತ್ತು. 1959ರಲ್ಲಿ ಅದು ಪ್ರಕಟವಾಯಿತು. ಆದರೆ ಆ ವಿಧಾನಕ್ಕೆ ಒಂದು ಷರತ್ತುಂಟು. ಎರಡು ಊರುಗಳ ನಡುವಿನ ಪ್ರತಿಯೊಂದು ರಸ್ತೆಯ ಉದ್ದವೋ, ಹಿಡಿಯುವ ಸಮಯವೋ ಮೊದಲೇ ಗೊತ್ತಿರಬೇಕು. ಸಮತಟ್ಟಾದ ಹಾಲೆಂಡಿನಲ್ಲಿ ಇದು ಕಷ್ಟವಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದು ರಾತ್ರಿಯ ಮಳೆಗೆ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಮೊದಲು ನಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಹೆಬ್ಬಾಳದವರು ಹೊರ ವರ್ತುಲ ರಸ್ತೆಯಲ್ಲಿ ಗೊರಗುಂಟೆಪಾಳ್ಯಕ್ಕೂ, ಆರ್.ಟಿ. ನಗರದವರು ಮೇಖ್ರಿ ವೃತ್ತದ ಮೂಲಕ ಯಶವಂತಪುರಕ್ಕೂ ಬಂದು ತುಮಕೂರು ರಸ್ತೆಯನ್ನು ಸೇರುತ್ತಾರೆ. ನೆಲಮಂಗಲದಲ್ಲಿ ಮೊದಲ ಕವಲು. ಅಲ್ಲಿ ನೇರವಾಗಿ ಹೋದರೆ ತುಮಕೂರು, ಅರಸೀಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ ಆಗುಂಬೆ. ಎಡಕ್ಕೆ ಹೊರಳಿದರೆ ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಹಾಸನ. ಹಾಸನದಲ್ಲಿ ಎರಡನೆಯ ಕವಲು. ಸಕಲೇಶಪುರದ ಕಡೆ ನಡೆದರೆ ಶಿರಾಡಿ ಘಾಟಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೊರಳಿದರೆ ಚಾರ್ಮಾಡಿ ಘಾಟಿ. ಇವಲ್ಲದೆ ಮೈಸೂರು, ಮಡಿಕೇರಿಗಳನ್ನು ಹಾದು ಸಂಪಾಜೆಯಲ್ಲಿ ಇಳಿಯುವ ಮಾರ್ಗವೂ ಇದೆ. ಆದರೆ ಉತ್ತರ ಬೆಂಗಳೂರಿನವರಿಗೆ ಅದು ಸುತ್ತು.

ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ನಮಗೆ ಶಿರಾಡಿಯೇ ಹತ್ತಿರ, ರಸ್ತೆಯೂ ಅಗಲ. ಹಾಗಾದರೆ ಯೋಚನೆಯೇಕೆ?

ಇತ್ತೀಚಿನ ವರ್ಷಗಳನ್ನು ನೆನಪಿಸಿಕೊಳ್ಳಿ. 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ ಜುಲೈನಲ್ಲಿ ತೆರೆಯಿತು. ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ಮಳೆಗೆ ಮಡಿಕೇರಿ-ಸಂಪಾಜೆ ರಸ್ತೆಯೂ ಕೊಚ್ಚಿಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲಿ ಮಣ್ಣು ಜಾರಿ ಶಿರಾಡಿಯ ಸಂಚಾರ ನಿಂತಿತು. ಅದೇ ತಿಂಗಳ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು, ಬದಿಯ ಚಹಾ ಅಂಗಡಿಯಲ್ಲಿದ್ದವರೂ ಅಲ್ಲಿ ನಿಂತಿದ್ದ ವಾಹನಗಳವರೂ ಪ್ರಾಣ ಕಳೆದುಕೊಂಡರು.

ಇದಕ್ಕೆ ಕಾರಣ ಸರಳ. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಅವುಗಳ ಪರಸ್ಪರ ಹಿಡಿತ ಸಡಿಲುತ್ತದೆ, ಭಾರವೂ ಹೆಚ್ಚುತ್ತದೆ. ರಸ್ತೆಗಾಗಿ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದರೆ ಮೇಲಿನ ಮಣ್ಣಿಗೆ ಆಧಾರವಿರುವುದಿಲ್ಲ. ಮಳೆ ನಿಂತು ಬಿಸಿಲು ಬಂದ ಕೂಡಲೇ ಅಪಾಯ ತೀರಿತೆಂದು ತಿಳಿಯಬಾರದು. ಒಳಗೆ ಇಂಗಿದ ನೀರು ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ಒಳ್ಳೆಯ ದಾರಿಯೆಂದರೆ ಅತಿ ಹತ್ತಿರದ ದಾರಿಯಲ್ಲ. ಬದಲಾಯಿಸಿಕೊಳ್ಳಲು ಕೊನೆಯವರೆಗೂ ಅವಕಾಶ ಕೊಡುವ ದಾರಿ. ಈ ದೃಷ್ಟಿಯಿಂದ ಹಾಸನದ ದಾರಿ ಮೇಲು. ಅಲ್ಲಿಗೆ ತಲುಪುವವರೆಗೆ ಶಿರಾಡಿಯೋ ಚಾರ್ಮಾಡಿಯೋ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಸಕಲೇಶಪುರದಿಂದಲೂ ಮೂಡಿಗೆರೆಗೆ ರಸ್ತೆಯಿದೆ. ಅದನ್ನೂ ದಾಟಿ ಘಾಟಿಯೊಳಗೆ ಇಳಿದ ಮೇಲೆ ಮಾತ್ರ ಹಿಂತಿರುಗುವುದು ಕಷ್ಟ. ಉಡುಪಿಯ ಕಡೆಯವರು ಆಗುಂಬೆಯನ್ನು ಬಯಸುವುದಾದರೆ ನೆಲಮಂಗಲದಲ್ಲೇ ನಿರ್ಧರಿಸಬೇಕು. ಅದು ಕಡಿದಾದ ತಿರುವುಗಳ ಇಕ್ಕಟ್ಟಾದ ದಾರಿ, ಭಾರಿ ವಾಹನಗಳಿಗೆ ಸಲ್ಲದು.

ಮೊಬೈಲಿನ ನಕ್ಷೆ ಇದೆಯಲ್ಲ ಎಂದು ನೀವು ಕೇಳಬಹುದು. ಆ ನಕ್ಷೆ ರಸ್ತೆಯ ಮೇಲೆ ಚಲಿಸುವ ಫೋನುಗಳ ವೇಗವನ್ನು ಆಧರಿಸಿ ಸಮಯವನ್ನು ಅಂದಾಜು ಮಾಡುತ್ತದೆ. ಸಿಗ್ನಲ್ ಸಿಗದ ಕಾಡಿನ ನಡುವೆ ಆ ಅಂದಾಜು ದುರ್ಬಲ. ಅದರ ಜೊತೆಗೆ ಜಿಲ್ಲಾಡಳಿತದ ಪ್ರಕಟಣೆಯನ್ನೂ ನೋಡಿರಿ. ಹಾಸನದಲ್ಲಿ ತಿಂಡಿಗೆ ನಿಂತಾಗ ಮಂಗಳೂರಿನಿಂದ ಬಂದ ಬಸ್ಸಿನ ಚಾಲಕರನ್ನು, ಲಾರಿಯವರನ್ನು ವಿಚಾರಿಸಿರಿ. ಎದುರಿನಿಂದ ಮಂಗಳೂರು ಕಡೆಯ ಬಸ್ಸುಗಳೇ ಬರುತ್ತಿಲ್ಲವೆಂದರೆ ಅದೂ ಒಂದು ಸುದ್ದಿಯೇ!

ಇನ್ನೆರಡು ಮಾತು. ಬೆಳಿಗ್ಗೆ 5 ಗಂಟೆಗೆ ಹೊರಡಿರಿ. ನಗರದ ದಟ್ಟಣೆ ತಪ್ಪುತ್ತದೆ, ಹಗಲಿನಲ್ಲೇ ಘಟ್ಟ ಇಳಿದು ಮುಗಿಯುತ್ತದೆ. ಮಳೆಯಲ್ಲಿ ಚಹಾಕ್ಕಾಗಲಿ, ಜಲಪಾತದ ಚಿತ್ರ ತೆಗೆಯುವುದಕ್ಕಾಗಲಿ ಕಡಿದ ಗುಡ್ಡದ ಕೆಳಗೆ ವಾಹನ ನಿಲ್ಲಿಸಬೇಡಿರಿ.

ಊರಿನಲ್ಲಿ ಕಾಯುತ್ತಿರುವವರಿಗೂ ಒಂದು ಕಿವಿಮಾತು: "ಇನ್ನೂ ಎಲ್ಲಿದ್ದೀರಿ?" ಎಂದು ಅವಸರಪಡಿಸಬೇಡಿ. "ದಾರಿ ಸರಿಯಿಲ್ಲದಿದ್ದರೆ ಹಾಸನದಲ್ಲೇ ಉಳಿದು ನಾಳೆ ಬನ್ನಿ" ಎಂದು ಹೇಳಿ. ಆ ಒಂದು ಮಾತಿನಿಂದ ಚಾಲಕನ ಮನಸ್ಸು ಹಗುರವಾಗುತ್ತದೆ, ತೀರ್ಮಾನವೂ ಸರಿಯಾಗುತ್ತದೆ.

ನಿಮ್ಮ ಪ್ರಯಾಣ ಸುಖಕರವಾಗಲಿ.