ಈ ಮನವಿಯ ಜೊತೆ ಫೋಟೋ ಇರುವುದಿಲ್ಲ

(ಮುಂಬೈಯಲ್ಲಿ ನಡೆದ ನಮ್ಮ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಉಪಸಮಿತಿಯ ಸದಸ್ಯೆಯೊಬ್ಬರು ಮಾಡಿದ ಭಾಷಣ)



ನಮ್ಮ ವಾರ್ತಾಪತ್ರಿಕೆಯ ಮನವಿ ಪುಟ ನಿಮಗೆ ಚೆನ್ನಾಗಿ ಗೊತ್ತು. ರೋಗಿಯ ಫೋಟೋ, ಹೆಸರು, ಊರು, ಕಾಯಿಲೆ, ಆಸ್ಪತ್ರೆಯ ಎಸ್ಟಿಮೇಟ್. ಮುಖ ನೋಡಿ ನೀವು ಚೆಕ್ ಬರೆಯುತ್ತೀರಿ; ಅದು ಸಹಜ. ನಾನು ಇವತ್ತು ಬೇಡುತ್ತಿರುವುದು ಮುಖ ತೋರಿಸಲಾಗದ ಮಕ್ಕಳಿಗಾಗಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೋ, ಶಾಲೆ, ಮನೆಯವರ ವಿವರ ಯಾವುದನ್ನೂ ಪ್ರಕಟಿಸಕೂಡದೆಂದು ಪೋಕ್ಸೊ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಹಾಗಾಗಿ ಮುಂದೆ ಹೇಳುವ ಪ್ರಸಂಗದಲ್ಲಿ ಊರು, ವಯಸ್ಸು, ಕಾಲ ಎಲ್ಲವನ್ನೂ ಬದಲಿಸಿದ್ದೇನೆ. ಯಾರಿರಬಹುದೆಂದು ದಯವಿಟ್ಟು ಲೆಕ್ಕ ಹಾಕಬೇಡಿ.

ನಾನು ಡಾಕ್ಟರಲ್ಲ, ವಕೀಲೆಯೂ ಅಲ್ಲ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಆಸ್ಪತ್ರೆಗಳಲ್ಲಿ ನಮ್ಮವರಿಗೆ ಭಾಷೆಯ ಸಹಾಯ ಮಾಡುತ್ತಿದ್ದೇನೆ. ಒಂದು ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯ ಸಮಾಜ ಸೇವಕಿಯಿಂದ ಫೋನು ಬಂತು: "ಕನ್ನಡದ ಮಗು, ತಾಯಿಗೆ ಹಿಂದಿ ಅಷ್ಟಕ್ಕಷ್ಟೆ, ಬನ್ನಿ." ಹೋದೆ. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಒಂಬತ್ತು ವರ್ಷದ ಹುಡುಗಿ, ಪಕ್ಕದಲ್ಲಿ ತಾಯಿ. ಹೊರಗೆ ಬೆಂಚಿನ ಮೇಲೆ ಹುಡುಗಿಯ ಅಪ್ಪನ ತಮ್ಮ ಕೂತಿದ್ದ. ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಹುಡುಗಿ ಬಹಳ ಹೊತ್ತಿನ ನಂತರ ಒಂದೇ ಮಾತು ಅಂದಳು: "ಕಾಕಾ."

ನಾನು ಹಿಂದಿಯಲ್ಲಿ "ಅಪ್ಪನ ತಮ್ಮ" ಎಂದುಬಿಟ್ಟೆ.

ಮುಂಬೈಯಲ್ಲಿ ನಲವತ್ತು ವರ್ಷ ಇದ್ದವಳು ನಾನು. ರಿಕ್ಷಾದವರನ್ನೂ ಕಾಕಾ ಎಂದೇ ಕರೆಯುವವಳು. ಆದರೆ ಆ ಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಬೆಂಚಿನ ಮೇಲಿದ್ದವನೇ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, "ಯಾವ ಕಾಕಾ, ಮತ್ತೊಮ್ಮೆ ಕೇಳಿ" ಎಂದರು. ಅಷ್ಟರಲ್ಲಿ ತಾಯಿಯೇ ಅಂದಳು: "ಮನಿ ಕಾಕಾ ಅಲ್ರೀ ಅಕ್ಕಾರ. ಸೈಟಿನ ವಾಚ್‌ಮನ್‌ಗ ಹಂಗೇ ಕರೀತಾಳ್ರೀ." ಅವರು ಮತ್ತೆ ಕೇಳದಿದ್ದರೆ, ಕೂಲಿ ಬಿಟ್ಟು ಮಗುವನ್ನು ಆಸ್ಪತ್ರೆಗೆ ಕರೆತಂದ ಮನುಷ್ಯನೇ ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗು ಹೇಳಿದಷ್ಟನ್ನೇ ಹೇಳಬೇಕು, ನಮ್ಮದನ್ನು ಸೇರಿಸಬಾರದು, ನಾಚಿಕೆಯಿಂದ ಬಿಡಲೂಬಾರದು ಎಂಬುದನ್ನು ಅವತ್ತಿನ ನಂತರ ಬೇರೆಯವರಿಂದ ಕೇಳಿ ಕಲಿತೆ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. ಪೊಲೀಸರು ಅಥವಾ ಮ್ಯಾಜಿಸ್ಟ್ರೇಟರು ಮಗುವಿನ ಹೇಳಿಕೆ ಪಡೆಯುವಾಗ ಅನುವಾದಕರ ನೆರವು ಪಡೆಯಬಹುದು. ಕೋರ್ಟಿನಲ್ಲೂ ಅಷ್ಟೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅನುವಾದಕರ ಪಟ್ಟಿ ಇಡಬೇಕೆಂದು 2020ರ ನಿಯಮಗಳಲ್ಲಿದೆ. ಆ ಪಟ್ಟಿಯಲ್ಲಿ ನಮ್ಮ ಸಂಘದವರ ಹೆಸರು ಎಷ್ಟಿವೆ? ನಾನೂ ಹೋದ ವರ್ಷವಷ್ಟೇ ಅರ್ಜಿ ಕೊಟ್ಟಿದ್ದು.

ಇನ್ನು ಚಿಕಿತ್ಸೆಯ ಮಾತು. ದೇಹದ ಗಾಯಕ್ಕೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಪೊಲೀಸ್ ಕಾಗದ ತನ್ನಿ ಎಂದು ಕಾಯಿಸುವಂತಿಲ್ಲ. ಮನಸ್ಸಿನ ಗಾಯ ನಿಧಾನ. ಈ ಹುಡುಗಿ ಊಟ ಬಿಟ್ಟಿದ್ದಳು, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಳು, ಗಂಡಸರ ಚಪ್ಪಲಿ ಸದ್ದಾದರೆ ಮೂಲೆ ಸೇರುತ್ತಿದ್ದಳು. ಕೌನ್ಸೆಲರ್ ಮೊದಲ ದಿನವೇ "ಏನಾಯಿತು" ಎಂದು ಕೇಳಲಿಲ್ಲ. ಚಿತ್ರ ಬರೆಸಿದರು, ಉಸಿರಾಟ ಕಲಿಸಿದರು, ಭಯ ದೇಹದಲ್ಲಿ ಎಲ್ಲಿ ಕೂರುತ್ತದೆ ಎಂದು ತೋರಿಸಲು ಹೇಳಿದರು. ಹುಡುಗಿ ಹೊಟ್ಟೆ ಮುಟ್ಟಿಕೊಂಡಳು. ಪ್ರತಿ ಸಲವೂ ಅರ್ಧ ಹೊತ್ತು ತಾಯಿಗೇ ಮೀಸಲು, ಏಕೆಂದರೆ "ನಾ ಕೆಲಸಕ್ಕ ಹೋಗಬಾರದಿತ್ರೀ" ಎಂದು ಆಕೆ ಒಳಗೇ ಬೇಯುತ್ತಿದ್ದಳು. ಇಂಥ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಸಲ ನಡೆಯುತ್ತದೆ.

ನಾಲ್ಕನೆಯ ವಾರದ ನಂತರ ಅವರು ಬರಲಿಲ್ಲ. ಫೋನು ಮಾಡಿದೆ. "ಒಂದಿನ ಬಂದ್ರ ಪಗಾರ ಹೋಗ್ತದ್ರೀ ಅಕ್ಕಾರ," ಅಂದಳು. ದಿನಗೂಲಿ 600 ರೂಪಾಯಿ, ಓಡಾಟಕ್ಕೆ 100. ಡಾಕ್ಟರ ಫೀಸು ಸೊನ್ನೆ! ಆ ಸೊನ್ನೆ ರೂಪಾಯಿಯ ಚಿಕಿತ್ಸೆಯನ್ನು ತೆಗೆದುಕೊಳ್ಳಲು ಅವಳ ಹತ್ತಿರ 700 ರೂಪಾಯಿ ಇರಲಿಲ್ಲ.

ನಮ್ಮ ನಿಧಿಯ ಫಾರಂ ತುಂಬಲು ಕೂತೆ. "ಆಸ್ಪತ್ರೆಯ ಎಸ್ಟಿಮೇಟ್ ಲಗತ್ತಿಸಿ" ಎಂದಿದೆ. ಬಸ್ ಟಿಕೆಟಿಗೆ ಯಾವ ಆಸ್ಪತ್ರೆ ಎಸ್ಟಿಮೇಟ್ ಕೊಡುತ್ತದೆ? ಅರ್ಜಿ ವಾಪಸಾಯಿತು. ತಪ್ಪು ಯಾರದೂ ಅಲ್ಲ, ಫಾರಂ ಮಾಡಿದಾಗ ಇಂಥ ಕಾಯಿಲೆ ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಊಟ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಮಹಾರಾಷ್ಟ್ರದಲ್ಲಿ 2013ರಿಂದ ಮನೋಧೈರ್ಯ ಯೋಜನೆಯೂ ಇದೆ. ಅರ್ಜಿ ಹಾಕಿಸಿದೆವು. ಅದು ಬರುವತನಕ ಗುರುವಾರಗಳು ಕಾಯುವುದಿಲ್ಲವಲ್ಲ. ಇಲ್ಲೇ ಕೂತಿರುವ ಸದಸ್ಯರೊಬ್ಬರು, ಮಗು ಯಾರೆಂದು ಒಮ್ಮೆಯೂ ಕೇಳದೆ, ಉಳಿದ ಹತ್ತು ವಾರಗಳ ಹಣ ಕೊಟ್ಟರು. ಒಟ್ಟು 7,000 ರೂಪಾಯಿ. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಕೇಸು ಇನ್ನೂ ನಡೆಯುತ್ತಿದೆ.

ಒಂದು ಕಹಿ ಮಾತು. ಬೇರೊಂದು ಪ್ರಕರಣದಲ್ಲಿ ನಮ್ಮವರೇ ಒಬ್ಬರು ಫೋನು ಮಾಡಿ, "ಎರಡೂ ಕಡೆ ನಮ್ಮ ಜನವೇ, ಕಮಿಟಿಯಲ್ಲಿ ಕೂರಿಸಿ ಮುಗಿಸೋಣ, ಮರ್ಯಾದೆ ಪ್ರಶ್ನೆ" ಎಂದರು. ಆಗುವುದಿಲ್ಲ. ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ, 6 ತಿಂಗಳವರೆಗೆ ಜೈಲಾಗಬಹುದು. ನಮ್ಮವರಲ್ಲಿ ಇಂಥದ್ದು ಇಲ್ಲ ಎನ್ನುವವರೂ ಇದ್ದಾರೆ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಹುಡುಗರೇ ತುಸು ಹೆಚ್ಚು.

ಹಾಗಾದರೆ ನನ್ನ ಬೇಡಿಕೆ ಏನು? ನಿಧಿಯಲ್ಲಿ ಒಂದು ಪಾಲನ್ನು ಎಸ್ಟಿಮೇಟ್ ಇಲ್ಲದೆ, ಕೌನ್ಸೆಲರ್ ಚೀಟಿಯ ಮೇಲೆ, ಕೂಲಿಗೂ ಓಡಾಟಕ್ಕೂ ಕೊಡಲು ಒಪ್ಪಿಗೆ ನೀಡಿ. ಕಡತ ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಲೆಕ್ಕಪರಿಶೋಧಕರಿಗೆ ನಂಬರ್ ಸಾಕು, ಹೆಸರು ಬೇಡ. ರಸೀದಿ ನಿಮಗೆ ಸಿಗುತ್ತದೆ, ಧನ್ಯವಾದದ ಫೋಟೋ ಸಿಗುವುದಿಲ್ಲ. ಮಗುವಿಗೆ ಅಪಾಯವೆನಿಸಿದರೆ ನನಗಿಂತ ಮೊದಲು 1098ಕ್ಕೆ ಫೋನು ಮಾಡಿ. 1996ರಲ್ಲಿ ಇದೇ ಮುಂಬೈಯಲ್ಲಿ ಶುರುವಾದ ಸಹಾಯವಾಣಿ ಅದು.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಮಾತು ಮನೆಯಲ್ಲಿ ಆಡುವವರು, ಲಂಬಾಣಿ, ತುಳು ಬಲ್ಲವರು, ಗುರುವಾರ ಬೆಳಿಗ್ಗೆ ಬಿಡುವಿದ್ದರೆ ಹೆಸರು ಕೊಡಿ. ಊಟದ ಹಾಲಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿರುತ್ತೇನೆ.