ಹಳ್ಳದ ನೀರಿನಲ್ಲಿ ಗುಳಿಗೆಯ ಉಳಿಕೆ



ಮಟಮಾರಿಯ ಈ ನೆಲ-ಜಲ ವಸ್ತುಪ್ರದರ್ಶನಕ್ಕೆ ದೀಪ ಹಚ್ಚಲು ನನ್ನನ್ನು ಕರೆದಿದ್ದೀರಿ. ಕೃಷ್ಣೆ-ತುಂಗಭದ್ರೆಯರ ನಡುವಿದ್ದೂ ನಮ್ಮ ರಾಯಚೂರಿಗೆ ನೀರಿನ ಚಿಂತೆ ತಪ್ಪಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಇಂದು ನಾನು ಹೇಳಬೇಕೆಂದಿರುವುದು ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗದ ಇನ್ನೊಂದು ಕಲ್ಮಶದ ಬಗ್ಗೆ: ನೀರು ಸೇರಿದ ಆಂಟಿಬಯೋಟಿಕ್.

ನಾವು ನುಂಗುವ ಎಷ್ಟೋ ಆಂಟಿಬಯೋಟಿಕ್‌ಗಳ ದೊಡ್ಡ ಪಾಲು ಬದಲಾಗದೆ ಮೂತ್ರದಲ್ಲಿ ಹೊರಬೀಳುತ್ತದೆ. ಎಮ್ಮೆಗೆ, ಕೋಳಿಗೆ ಕೊಟ್ಟದ್ದೂ ಹಾಗೆಯೇ. ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಮೋಟರ್ ಮೂಲಕ ಹೊಲಕ್ಕೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ದಶಕಗಳಿಂದ ಕೊಳಚೆ ನೀರಿನಲ್ಲೇ ತರಕಾರಿ ಬೆಳೆದಿದ್ದಾರೆ. ಬೇಸಿಗೆಯಲ್ಲೂ ಬತ್ತದ, ಗೊಬ್ಬರದ ಸತ್ವವೂ ಇರುವ ನೀರನ್ನು ಯಾರು ಬಿಟ್ಟಾರು? ಅವರನ್ನು ನಾನು ದೂರುವುದಿಲ್ಲ.

ಮಣ್ಣು ಸೋಸುತ್ತದೆ ಎಂಬ ನಂಬಿಕೆ ನಮಗಿದೆ. ಎರೆಮಣ್ಣು ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ನಿಜ. ಸಲ್ಫಾ ಜಾತಿಯ ಔಷಧಗಳು ಮಾತ್ರ ಅದಕ್ಕೆ ಅಷ್ಟಾಗಿ ಸಿಕ್ಕದೆ ನೀರಿನೊಂದಿಗೆ ಕೆಳಗಿಳಿಯುತ್ತವೆ. ಬೇಸಿಗೆಗೆ ಎರೆಹೊಲ ಬಾಯಿಬಿಟ್ಟಾಗ ಹಾಯಿಸಿದ ನೀರು ಬಿರುಕಿನಲ್ಲಿ ನೇರ ಇಳಿದುಹೋಗುವುದನ್ನು ನೀವೇ ಕಂಡಿದ್ದೀರಿ. ಹೀಗೆ ಬಾವಿ ಸೇರಿದ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ. ಔಷಧದ ಉಳಿಕೆಯೂ ಹೋಗುತ್ತದೆಂದು ನಂಬುವಂತಿಲ್ಲ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರು ಶುದ್ಧೀಕರಿಸುವ ಘಟಕವಿದೆ. ಅಲ್ಲಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. 2009ರಲ್ಲಿ ಸುತ್ತಲ ಹಳ್ಳಿಗಳ ಬಾವಿಗಳಲ್ಲೂ ಔಷಧವಿದ್ದುದು ವರದಿಯಾಯಿತು. ಊರ ಚರಂಡಿಯಲ್ಲಿ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಕೊಲ್ಲಲು ಸಾಲದಷ್ಟು ಔಷಧದ ನಡುವೆ ಬದುಕಿದ ರೋಗಾಣು ಅದಕ್ಕೇ ಒಗ್ಗಿಬಿಡುತ್ತದೆ. ನಾಳೆ ಬಾಣಂತಿಗೆ ಜ್ವರ ಏರಿದಾಗ, ಕೂಸಿಗೆ ನ್ಯುಮೋನಿಯಾ ಆದಾಗ ಔಷಧ ನಾಟದಿದ್ದರೆ ಏನು ಮಾಡೋಣ? ನನ್ನ ಭಯ ಇದೇ.

ಶುದ್ಧೀಕರಿಸಿದ ಕೊಳಚೆಯ ಬಗ್ಗೆಯೂ ಎಚ್ಚರ ಬೇಕು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಂತರ್ಜಲ ಏರಿತು, ಆದರೆ ಮೂರನೇ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ಅಲ್ಲಿ ನಿಂತಿಲ್ಲ. ಅದು ನ್ಯಾಯವಾದ ಕೂಗು.

ನಮ್ಮ ಸಾಮಾನ್ಯ ನೀರು ಪರೀಕ್ಷೆಯಲ್ಲಿ ಫ್ಲೋರೈಡ್, ನೈಟ್ರೇಟ್ ನೋಡುತ್ತಾರೆ, ಆಂಟಿಬಯೋಟಿಕ್ ಹುಡುಕುವುದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನೂ ಜಿಲ್ಲಾಡಳಿತವನ್ನೂ ಕೈಮುಗಿದು ಕೇಳುತ್ತೇನೆ: ಕೊಳಚೆ ಹರಿಯುವ ಹಳ್ಳಗಳ ದಂಡೆಯ ಬೋರ್‌ವೆಲ್‌ಗಳನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ತಾಯಂದಿರೇ, ಉಳಿದ ಗುಳಿಗೆಯನ್ನು ಬಚ್ಚಲಿಗೆ ಹಾಕಬೇಡಿ. ನೆಗಡಿಗೆ ಆಂಟಿಬಯೋಟಿಕ್ ಕೇಳಬೇಡಿ.

ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಬನ್ನಿ, ಮೊದಲು ನೀರಿನ ಮಳಿಗೆಗೆ ಹೋಗೋಣ.